ಅಸಾಧ್ಯವೆಂಬ ನುಡಿಯನ್ನು ಕೇಳಿದ ಮೇಲೆ

ಪ್ರಾಚೀನ ವೈದ್ಯಶಾಸ್ತ್ರವು ವ್ಯಾಧಿಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿದೆ. ಚಿಕಿತ್ಸೆಯಿಂದ ನಿರ್ಮೂಲವಾಗುವುದು ಸಾಧ್ಯ. ನಿರ್ಮೂಲವಾಗದಿದ್ದರೂ ಪಥ್ಯೌಷಧಗಳಿಂದ ಹಿಡಿತದಲ್ಲಿರುವುದು ಯಾಪ್ಯ. ಎರಡನ್ನೂ ಮೀರಿದುದು ಅಸಾಧ್ಯ. ಅರ್ಬುದವು, ಎಂದರೆ ಕ್ಯಾನ್ಸರು, ಗುಣವಾಗದೆಂದು ವೈದ್ಯರು ಹೇಳಿದೊಡನೆ ಮನೆಮಂದಿಯೆಲ್ಲ ಕಡೆಯ ಪದವೊಂದನ್ನೇ ಕೇಳಿಸಿಕೊಳ್ಳುವರು. ಆದರೆ ಗುಣವಾಗದ ರೋಗದೊಡನೆಯೂ ಕೆಲವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಬಾಳುವುದುಂಟು. ಆ ಕಾಲವನ್ನು ಹೇಗೆ ಬಾಳಬೇಕೆಂಬುದೇ ಈ ಪಾಠದ ವಿಷಯ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಜಠರದ ಕ್ಯಾನ್ಸರು ಉಲ್ಬಣಿಸಿತ್ತು. "ಗುರುಗಳೇ, ಅಪ್ಪನವರಿಗೆ ಬರಿಯ ಹುಣ್ಣೆಂದು ಹೇಳಿದ್ದೇವೆ, ತಾವೂ ಹಾಗೆಯೇ ಹೇಳಬೇಕು" ಎಂದು ಮಕ್ಕಳು ಬೇಡಿಕೊಂಡರು. ನಾನೂ ಹಾಗೆಯೇ ಹೇಳಿದೆನು. ಆ ಹಿರಿಯರು ನನ್ನ ಮುಖವನ್ನೇ ನೋಡಿ, "ಶಾಸ್ತ್ರಿಗಳೇ, ನನಗೆ ತಿಳಿದಿದೆ. ಮಕ್ಕಳು ನೊಂದಾರೆಂದು ತಿಳಿಯದವನಂತೆ ಇದ್ದೇನೆ. ಹೊಲದ ಮಾತು, ಸಾಲದ ಲೆಕ್ಕ ಯಾರೊಡನೆ ಆಡಲಿ?" ಎಂದರು. ನಾನು ತಲೆ ತಗ್ಗಿಸಿದೆನು. ಅವರ ಒಪ್ಪಿಗೆ ಪಡೆದು ಅಂದು ಸಂಜೆಯೇ ಮಕ್ಕಳನ್ನು ಅವರ ಬಳಿ ಕೂರಿಸಿದೆನು. ಮೊದಲು ಎಲ್ಲರೂ ಅತ್ತರು. ಬಳಿಕ ಬಹುದಿನಗಳ ಮೇಲೆ ಒಟ್ಟಿಗೆ ಉಂಡರು.

ಇದರಿಂದ ತಿಳಿಯತಕ್ಕುದೇನೆಂದರೆ, ರೋಗಿಯು ಕೇಳಿದಾಗ, ಕೇಳಿದಷ್ಟನ್ನು, ಮೃದುವಾಗಿ ಹೇಳಬೇಕು, ಕೇಳದುದನ್ನು ಹೇರಬಾರದು, ಸುಳ್ಳಿನ ಗೋಡೆಯನ್ನಂತೂ ಕಟ್ಟಬಾರದು. ನಿರಾಕರಣೆ, ಕೋಪ, ವಿಷಾದಗಳು ಇಂತಹ ರೋಗಿಗಳಲ್ಲಿ ತೋರುವುದನ್ನು ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇವು ಎಲ್ಲರಿಗೂ ಒಂದೇ ಕ್ರಮದಲ್ಲಿ ಬರುವುದಿಲ್ಲ. ಇಂದು ಶಾಂತರಾದವರು ನಾಳೆ ಮತ್ತೆ ಕೆರಳಬಹುದು. ಅದು ಭಕ್ತಿಯ ಕೊರತೆಯಲ್ಲ. ಹಿಂದಿನ ಪಾಪದ ಫಲವೆಂಬ ಮಾತು ಹಾಸಿಗೆಯ ಬಳಿ ಸಲ್ಲದು. ತಟ್ಟೆ ಲೋಟಗಳನ್ನು ಬೇರ್ಪಡಿಸುವುದೂ ಸಲ್ಲದು. ಈ ರೋಗವು ಸೇವೆ ಮಾಡುವವರಿಗೆ ಅಂಟುವುದಿಲ್ಲ.

ನೋವನ್ನು ಸಹಿಸುವುದೇ ತಪಸ್ಸೆಂದು ಭಾವಿಸಬಾರದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು, ದೇಹದ ನೋವು, ಮನದ ಅಳಲು, ಸಂಸಾರದ ಚಿಂತೆ, ಆತ್ಮದ ತಳಮಳ ಇವು ನಾಲ್ಕೂ ಕೂಡಿ ಒಂದೇ ನೋವಾಗುವುದೆಂದು ತಿಳಿಸಿದರು. ವೈದ್ಯರು ಅಳತೆಯರಿತು ಕೊಡುವ ಮಾರ್ಫಿನ್ ಔಷಧವೇ ಹೊರತು ದುಶ್ಚಟವಲ್ಲ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಇಂತಹ ರೋಗಿಗಳನ್ನು ಶುಲ್ಕವಿಲ್ಲದೆ ಉಪಚರಿಸುತ್ತಿದೆ. ನಿದ್ರೆ ಕೆಟ್ಟು, ಬದುಕೇ ಬೇಡವೆಂಬ ಮಾತು ಬಂದರೆ ಅದನ್ನೂ ವೈದ್ಯರಿಗೆ ಕೂಡಲೇ ತಿಳಿಸಬೇಕು; ವಿಷಾದಕ್ಕೂ ಚಿಕಿತ್ಸೆಯುಂಟು.

ಶರಣಬಂಧುಗಳೇ, ನಮ್ಮ ಧರ್ಮದಲ್ಲಿ ಮರಣಕ್ಕೆ ಸೂತಕವಿಲ್ಲ, ಅದು ಲಿಂಗೈಕ್ಯ. ಆದುದರಿಂದ ಅದರ ಮಾತನ್ನು ಮನೆಯಲ್ಲಿ ಆಡುವುದು ಅಮಂಗಲವಲ್ಲ. ಏಳಲಾರದವರು ಮಲಗಿದಲ್ಲಿಯೇ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯಲಿ. ಆ ಕೈ ನಡುಗಿದರೆ ಮನೆಯವರ ಕೈ ಅದಕ್ಕೆ ಆಸರೆಯಾಗಲಿ. ಆ ಹಿರಿಯರು ಕೊನೆಯ ತಿಂಗಳುಗಳಲ್ಲಿ ಮಂಚದ ಮೇಲಿಂದಲೇ ಮೊಮ್ಮಗನಿಗೆ ಬಿತ್ತನೆಯ ಹದವನ್ನು ಹೇಳಿಕೊಟ್ಟರು. ಅದೇ ಅವರ ಕಾಯಕವಾಯಿತು. ಹಗಲಿರುಳು ಶುಶ್ರೂಷೆಗೈದ ಸೊಸೆಗೆ ನೆರೆಯವರು ಒಂದು ರಾತ್ರಿಯ ನಿದ್ರೆಯನ್ನು ದೊರಕಿಸಿದರು. ಅದೂ ದಾಸೋಹವೇ.