ಅಂಗಡಿಯಿಲ್ಲದ ದ್ವೀಪದಲ್ಲಿ ಡೇರೆ

ಮಕ್ಕಳೇ, ಮಂಗಳೂರಿನ ಬಳಿ ನದಿಗೂ ಕಡಲಿಗೂ ನಡುವೆ ಉದ್ದನೆಯ ಮರಳಿನ ಪಟ್ಟಿಯೊಂದಿದೆ. ಅದಕ್ಕೆ ಬೆಂಗ್ರೆ ಎನ್ನುತ್ತಾರೆ. ಅಂಥ ಬೆಂಗ್ರೆಯು ದಡದಿಂದ ಪೂರ್ತಿ ಬೇರೆಯಾಗಿ, ಕರಾವಳಿಯುದ್ದಕ್ಕೂ ಮೈಲಿಗಟ್ಟಲೆ ಹಬ್ಬಿದೆ ಎಂದು ಊಹಿಸಿಕೊಳ್ಳಿ. ಬಿರುಗಾಳಿಯ ಅಲೆಗಳ ಹೊಡೆತವನ್ನು ಮೊದಲು ತಾನು ತಿನ್ನುವ ಇಂಥ ದ್ವೀಪವನ್ನು ನಾವು ತರಗತಿಯಲ್ಲಿ 'ತಡೆದ್ವೀಪ' ಎಂದು ಕರೆದೆವು.

ಜಾರ್ಜಿಯಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಕಂಬರ್‌ಲ್ಯಾಂಡ್ ಅಂಥದೊಂದು ದ್ವೀಪ. ಉದ್ದ ಸುಮಾರು 17 ಮೈಲಿ. ಸೇತುವೆ ಇಲ್ಲ, ಸೇಂಟ್ ಮೇರೀಸ್ ಊರಿನಿಂದ ಲಾಂಚಿನಲ್ಲಿ 45 ನಿಮಿಷ ಹೋಗಬೇಕು. "ಅಲ್ಲಿ ಚಿಪ್ಸ್ ಸಿಗುತ್ತದೆಯೇ ಮಿಸ್?" ಎಂದು ಕೇಳಿದವರಿಗೆ ಉತ್ತರ: ಇಲ್ಲ. ಅಂಗಡಿಯೇ ಇಲ್ಲ. ಅವಲಕ್ಕಿ, ಚಟ್ನಿಪುಡಿ, ಸೊಳ್ಳೆಯ ಔಷಧಿ ಎಲ್ಲವನ್ನೂ ಹೊತ್ತೇ ಹೋಗಬೇಕು. ಕಸವನ್ನೂ ಹೊತ್ತೇ ತರಬೇಕು. ಕೊನೆಯ ಲಾಂಚ್ ತಪ್ಪಿದರೆ ಸ್ವಂತ ಖರ್ಚಿನಲ್ಲಿ ದೋಣಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಪೋಷಕರು ಇದನ್ನು ಗಮನಿಸಬೇಕು.

ಈ ದ್ವೀಪ ಹೀಗೆಯೇ ಉಳಿದದ್ದು ತಾನಾಗಿ ಅಲ್ಲ. 1968ರಲ್ಲಿ ಚಾರ್ಲ್ಸ್ ಫ್ರೇಸರ್ ಎಂಬವರು ಇಲ್ಲಿ ವಿಹಾರಧಾಮ ಕಟ್ಟಲು ಸುಮಾರು ಐದನೆಯ ಒಂದು ಭಾಗ ಜಮೀನು ಕೊಂಡಿದ್ದರು. ವಿರೋಧ ಬಂದು ಆ ಯೋಜನೆ ಕೈಬಿಟ್ಟುಹೋಯಿತು. 1972ರಲ್ಲಿ ದ್ವೀಪವು ರಾಷ್ಟ್ರೀಯ ಕಡಲತೀರವಾಯಿತು. ಖಾಸಗಿ ವಸತಿಗೃಹವೊಂದನ್ನು ಬಿಟ್ಟರೆ ಇಂದಿಗೂ ರಾತ್ರಿ ತಂಗುವವರಿಗೆ ಡೇರೆಯೇ ಗತಿ.

ಡೇರೆ ಹಾಕುವ 'ಸೀ ಕ್ಯಾಂಪ್' ಇರುವುದು ಓಕ್ ಮರಗಳ ನೆರಳಿನಲ್ಲಿ. ಉಪ್ಪುಗಾಳಿಗೆ ಆ ಮರಗಳ ಕೊಂಬೆಗಳು ಹಾವಿನಂತೆ ಬಾಗಿವೆ. ಅಲ್ಲಿಂದ ಕಡಲಿಗೆ ಹೋಗಲು ಹಲಗೆಯ ದಾರಿಯುಂಟು. ಅದನ್ನು ಬಿಟ್ಟು ಮರಳದಿಣ್ಣೆ ಹತ್ತಬಾರದು. ದಿಣ್ಣೆಯ ಮೇಲಿನ ಹುಲ್ಲಿನ ಬೇರುಗಳೇ ಮರಳನ್ನು ಹಿಡಿದಿಟ್ಟಿರುವುದು. ಹುಲ್ಲು ಸತ್ತರೆ ಗಾಳಿ ಮರಳನ್ನು ಒಯ್ಯುತ್ತದೆ, ದಿಣ್ಣೆ ತೆಳುವಾಗುತ್ತದೆ, ಮುಂದಿನ ಬಿರುಗಾಳಿಯಲ್ಲಿ ನೀರು ಅದನ್ನು ದಾಟಿ ಒಳನುಗ್ಗುತ್ತದೆ. ಕಾಡುಕುದುರೆಗಳು ನೋಡಲು ಚೆಂದ ನಿಜ, ಆದರೆ ಅವು ಇದೇ ಹುಲ್ಲನ್ನು ಮೇಯುತ್ತವೆ. ಅವುಗಳಿಗೆ ತಿಂಡಿ ಕೊಡುವುದಾಗಲಿ, ಹತ್ತಿರ ಹೋಗುವುದಾಗಲಿ ಕೂಡದು.

ಬೇಸಗೆಯ ರಾತ್ರಿಗಳಲ್ಲಿ ಲಾಗರ್‌ಹೆಡ್ ಕಡಲಾಮೆಗಳು ದಡಕ್ಕೆ ಬಂದು, ಹೊಂಡ ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಹಿಂದಿರುಗುತ್ತವೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಕತ್ತಲಿನಲ್ಲಿ ಅವಕ್ಕೆ ದಾರಿ ತೋರುವುದು ಕಡಲಿನ ಮೇಲಿನ ತಿಳಿಬೆಳಕು. ನಮ್ಮ ಟಾರ್ಚು ಅದಕ್ಕಿಂತ ಪ್ರಕಾಶವಾಗಿದ್ದರೆ ಮರಿ ನಮ್ಮತ್ತ ತಿರುಗುತ್ತದೆ. ಕಡಲು ಸೇರುವ ಮೊದಲೇ ಏಡಿಯ ಬಾಯಿಗೆ ಬೀಳಬಹುದು, ಇಲ್ಲವೇ ಬೆಳಗಿನ ಬಿಸಿಲಿಗೆ ಒಣಗಬಹುದು. ಆದ್ದರಿಂದ ರಾತ್ರಿ ತೀರಕ್ಕೆ ಹೋಗುವಾಗ ಬಿಳಿ ಬೆಳಕು ಬೇಡ. ಸ್ವಲ್ಪ ಹೊತ್ತು ನಿಂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ನಕ್ಷತ್ರಗಳೂ ಹೆಚ್ಚು ಕಾಣುತ್ತವೆ.

ಅಭ್ಯಾಸ: ಬೆಂಗ್ರೆ, ಅಳಿವೆ, ಉಬ್ಬರ, ಇಳಿತ ಈ ಪದಗಳ ಅರ್ಥವನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ನಾಲ್ಕನ್ನೂ ಬಳಸಿ ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಒಂದು ಪತ್ರ ಬರೆಯಿರಿ.