ಕಾಯಕವೂ ಕಲ್ಲುಗಣಿಯೂ

ಶರಣಸಿದ್ಧಾಂತದಲ್ಲಿ ಕಾಯಕವೆಂದರೆ ಬರಿಯ ಉದ್ಯೋಗವಲ್ಲ. ಕಾಯವು ತನ್ನ ಸ್ವಾಧೀನದಲ್ಲಿರಬೇಕು, ದುಡಿಮೆಯು ಒಪ್ಪಿ ಕೈಕೊಂಡುದಾಗಿರಬೇಕು, ಬಂದ ಫಲದಲ್ಲಿ ದಾಸೋಹಕ್ಕೆ ಪಾಲಿರಬೇಕು; ಈ ಮೂರೂ ಕೂಡಿದಲ್ಲಿಯೇ ಆ ಹೆಸರು ಸಲ್ಲುತ್ತದೆ. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕೆ ಮೀರಿ ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಬೇಡವೆನ್ನುವ ಸ್ವಾತಂತ್ರ್ಯವು ಆ ಬಡ ದಂಪತಿಗಳಿಗಿದ್ದಿತೆಂಬುದನ್ನು ಮಾತ್ರ ಗಮನಿಸುವುದಿಲ್ಲ.

ಈ ಲಕ್ಷಣವನ್ನು ನಮ್ಮ ಸೀಮೆಯ ಕಲ್ಲುಗಣಿಗಳಿಗೆ ಹಿಡಿದು ನೋಡಬೇಕು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಕೆತ್ತನೆಯನ್ನು ಕಂಡು ಶಿಲ್ಪಿಯ ಕೈಯನ್ನು ಹೊಗಳುವ ನಾವು, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತ ಬಂಡೆಯೊಡೆದು ಜಲ್ಲಿಮಾಡಿದ ಕೈಗಳನ್ನು ಎಣಿಕೆಗೆ ತಂದುಕೊಂಡವರಲ್ಲ. ಮದುವೆಗೋ ಔಷಧಕ್ಕೋ ಕೊಟ್ಟ ಮುಂಗಡವು ಬಡ್ಡಿಯೊಡನೆ ಬೆಳೆದು ಕೂಲಿಕಾರನನ್ನು ಹಿಡಿದಿಡುವುದು ಕಲ್ಲುಗಣಿಗಳಲ್ಲಿ ಹಳೆಯ ಪದ್ಧತಿ. 2000ನೆಯ ಇಸವಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಗಣಿಯೊಂದರಲ್ಲಿ ಕೂಲಿಗಳಿಗೆ ಸರಪಣಿ ತೊಡಿಸಿದ್ದುದು ಹೊರಬಿದ್ದಿತು. ಜೀತವನ್ನು ರದ್ದುಗೊಳಿಸಿದ ಶಾಸನವಾದರೋ 1976ರದು! ಇಂತಹ ದುಡಿಮೆಯನ್ನು ಕಾಯಕವೆಂದು ಕರೆಯುವುದು ಶರಣನಿಂದೆ.

ಕಾಲಾನಂತರದಲ್ಲಿ ಗಣಿಗಳಿಗೆ ಇಳಿಗಾಲವು ಬಂದಿತು. ಸಿಡಿಮದ್ದಿನ ಅದುರಿನಿಂದ ಕನ್ನಂಬಾಡಿ ಕಟ್ಟೆಗೆ ಕೇಡಾದೀತೆಂಬ ಭಯವಿದ್ದುದರಿಂದ, 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರುಗಳೊಳಗೆ ಗಣಿಗಾರಿಕೆಯನ್ನು ತಡೆಯಿತು. ತಡೆದುದು ಯುಕ್ತವೇ. ಆದರೆ ಗಣಿ ನಿಂತರೆ ಮುಂಗಡದ ಸಾಲವೂ ನಿಲ್ಲುವುದೇ? ಒಡೆಯನು ಯಂತ್ರವನ್ನು ಬೇರೆಡೆಗೆ ಸಾಗಿಸಬಲ್ಲನು, ವಕೀಲರನ್ನು ಹಿಡಿಯಬಲ್ಲನು. ದಿನಗೂಲಿಯವನಿಗೆ ಮರುದಿನದ ಒಲೆ ಹತ್ತುವುದಿಲ್ಲ. ಎದೆಯೊಳಗೆ ಕುಳಿತ ಕಲ್ಲಿನ ಧೂಳು ಮಾತ್ರ ಅವನೊಡನೆಯೇ ಉಳಿಯುತ್ತದೆ.

ದೊಡ್ಡ ಗಣಿಯೊಂದರ ಗತಿಯೊಡನೆ ಹೋಲಿಸಿದರೆ ಇದು ಸ್ಪಷ್ಟವಾದೀತು. ಕೋಲಾರದ ಚಿನ್ನದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಯ ಕಷ್ಟವೂ ಸಣ್ಣದಲ್ಲ. ಕೂಲಿಗಾಗಿ ಮುಂಜಾನೆಯ ರೈಲನ್ನೇರಿ ಬೆಂಗಳೂರಿಗೆ ಹೋಗುವುದು ಆ ಊರಿನವರ ನಿತ್ಯಜೀವನವಾಯಿತು. ಆದರೂ ಅವರ ಹೆಸರುಗಳು ಕಂಪನಿಯ ದಫ್ತರದಲ್ಲಿದ್ದುವು, ಸಂಘಗಳಿದ್ದುವು, ಬಾಕಿಗಾಗಿ ವಾದಿಸಲು ಆಧಾರವಿದ್ದಿತು. ಮುಂಗಡಕ್ಕೆ ಸಿಕ್ಕಿದ ಕಲ್ಲುಕುಟಿಗನ ಹೆಸರು ಸಾಲದ ಚೀಟಿಯಲ್ಲಲ್ಲದೆ ಬೇರೆಲ್ಲಿದೆ?

ಇಲ್ಲಿ ಒಂದು ಆಕ್ಷೇಪವುಂಟು: ಗಣಿಯಿಲ್ಲದೆ ಬಡವನಿಗೆ ಕೂಳು ತಪ್ಪಿತು, ಆದುದರಿಂದ ಗಣಿಯೇ ನಡೆಯಲಿ ಎಂದು. ಈ ಕರುಣೆಯು ಒಡೆಯರಲ್ಲಿ ಬೀಗ ಬಿದ್ದ ದಿನವೇ ಹುಟ್ಟುವುದು ವಿಚಿತ್ರ. ಸಮಾಧಾನವೇನೆಂದರೆ, ಬಂಧನವನ್ನು ಬಿಡಿಸುವುದು ಒಂದು, ಕಾಯಕವನ್ನು ಒದಗಿಸುವುದು ಮತ್ತೊಂದು. ಎರಡನೆಯದನ್ನು ಕೈಬಿಟ್ಟರೆ ಅವನು ಇನ್ನೊಬ್ಬ ಒಡೆಯನ ಮುಂಗಡಕ್ಕೆ ಕೈಯೊಡ್ಡುವನು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರನ್ನು ಕಲ್ಲುಮಣ್ಣಿನ ಕೆಲಸದವರು ಇಂದಿಗೂ ಗುರುವೆಂದು ನೆನೆಯುವುದು ಅಕಾರಣವಲ್ಲ.

ಆದುದರಿಂದ ಗಣಿಯೂರುಗಳ ಸಮೀಪದ ಸದ್ಭಕ್ತರು ದಾಸೋಹವನ್ನು ಪಂಕ್ತಿಯ ಅನ್ನಕ್ಕೇ ಮುಗಿಸಬಾರದು. ಕೆರೆಯ ಹೂಳೆತ್ತುವಾಗ, ಮಠದ ಕಟ್ಟಡವೇಳುವಾಗ, ಮನೆಯ ಗೋಡೆಯೆಬ್ಬಿಸುವಾಗ ಕೆಲಸವು ಮೊದಲು ಇವರಿಗೆ ದೊರೆಯಲಿ. ಮುಂಗಡದ ಮಾತಿಲ್ಲದೆ, ಅಂದಿನ ಕೂಲಿ ಅಂದೇ ಸಂಜೆ ಕೈಸೇರಲಿ. ಜೀತದ ಸಾಲವನ್ನು ತೀರಿಸಬೇಕಾದುದಿಲ್ಲವೆಂದು 1976ರ ಶಾಸನವು ಹೇಳಿರುವುದನ್ನು ಓದುಬಲ್ಲವರು ಅವರಿಗೆ ತಿಳಿಯಹೇಳಲಿ. ನಮ್ಮವರಲ್ಲಿಯೇ ಗಣಿಯ ಗುತ್ತಿಗೆ ಹಿಡಿದವರಿದ್ದರೆ, ಲಿಂಗಪೂಜೆಗೆ ಕುಳ್ಳಿರುವ ಮುನ್ನ ಪೆಟ್ಟಿಗೆಯೊಳಗಣ ಆ ಚೀಟಿಗಳನ್ನು ತೆಗೆದು ಹರಿಯಲಿ.