ಹಳೆಯ ಸಾಮಗ್ರಿಯಿಂದ ಒಂದು ಕೋಣೆಯ ಜೀರ್ಣೋದ್ಧಾರ

ಹಳೆಯ ಮಣ್ಣಿನ ಮನೆಗಳ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯಗಳು ಎರಡು. ಕೆಡವಿ ಹೊಸದಾಗಿ ಕಟ್ಟಿಸಿರಿ ಎನ್ನುವವರು ಕೆಲವರು. ಹಿರಿಯರು ಕಟ್ಟಿದ್ದನ್ನು ಮುಟ್ಟಬಾರದು ಎನ್ನುವವರು ಮತ್ತೆ ಕೆಲವರು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು, ನಮ್ಮ ಊರಿನ ಮನೆಯ ಒಂದೇ ಒಂದು ಕೋಣೆಯನ್ನು ಸರಿಪಡಿಸಲು ಹೊರಟಾಗ ನಾನು ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹೀಗೊಂದು ಕೋಣೆ ಇರುವ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆಂದು ನನಗೆ ಗೊತ್ತು.

ಕೋಣೆ ದೊಡ್ಡದಲ್ಲ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಕಾಡುಗಲ್ಲಿನ ತಳಪಾಯ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ನಮ್ಮ ತಾಯಿಯವರು ಮಲಗುವುದು ಅಲ್ಲಿಯೇ. ಹತ್ತು ವರ್ಷಗಳ ಹಿಂದೆ, ಮಣ್ಣು ಉದುರುತ್ತದೆ, ನೋಡಲು ಚೆನ್ನಾಗಿಲ್ಲ ಎಂದು ಆ ಗೋಡೆಗಳಿಗೆ ಒಳಗೂ ಹೊರಗೂ ಸಿಮೆಂಟು ಬಳಿಸಿದೆವು. ಬಳಿಸಲೇಬೇಕೆಂದು ಹಟ ಹಿಡಿದವನು ನಾನು. ಅದರ ಜೊತೆಗೆ ಹಿತ್ತಲ ಕಡೆ ಗೋಡೆಗೆ ತಾಗಿದಂತೆ ಸಿಮೆಂಟಿನ ನೆಲವನ್ನೂ ಹಾಕಿಸಿದೆ. ಎರಡು ವರ್ಷ ಎಲ್ಲವೂ ಸೊಗಸಾಗಿತ್ತು. ಮೂರನೆಯ ಮಳೆಗಾಲದಲ್ಲಿ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಪ್ಪು ಕಲೆ ಕಾಣಿಸಿತು. ಐದನೆಯದರಲ್ಲಿ ಅದು ಎದೆಯೆತ್ತರಕ್ಕೆ ಏರಿತು. ಬಿಳಿಯ ಉಪ್ಪು ಹೂವಿನಂತೆ ಅರಳಿ, ಸಿಮೆಂಟು ಹಪ್ಪಳದ ಹಾಗೆ ಗೋಡೆಯಿಂದ ಬಿಟ್ಟುಕೊಂಡಿತು. ಪೆಟ್ಟಿಗೆಯಲ್ಲಿಟ್ಟ ಸೀರೆಗಳಿಗೆ ಬೂಷ್ಟು ಹಿಡಿಯಿತು. ತಾಯಿಯವರ ಕೆಮ್ಮು ಆಷಾಢದಲ್ಲಿ ಪ್ರಾರಂಭವಾದರೆ ಕಾರ್ತಿಕದವರೆಗೆ ಬಿಡುತ್ತಿರಲಿಲ್ಲ. “ಕೋಣೆ ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿಸೋಣವೇ ಅಮ್ಮಾ?” ಎಂದು ಕೇಳಿದೆ. “ಈ ಗೋಡೆ ನಿನಗೆ ಮಾಡಿದ್ದೇನು? ನೀನೇ ಅದಕ್ಕೆ ಉಸಿರು ಕಟ್ಟಿಸಿದ್ದು” ಎಂದರು. ಅವರು ಸಿಟ್ಟಿನಿಂದ ಆಡಿದ ಮಾತು ಶಾಸ್ತ್ರೀಯವಾಗಿಯೂ ಸರಿಯೆಂಬುದು ಆಮೇಲೆ ತಿಳಿಯಿತು.

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಮಣ್ಣಿನ ಗೋಡೆಯು ನೆಲದ ತೇವವನ್ನು ತನ್ನ ಸೂಕ್ಷ್ಮರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. ಇದು ತಪ್ಪಿದ್ದಲ್ಲ. ಆದರೆ ಹಾಗೆ ಏರಿದ ತೇವವು ಗೋಡೆಯ ಮೈಯಿಂದಲೇ ಆವಿಯಾಗಿ ಹೋಗುತ್ತಿರುವವರೆಗೆ ಅಪಾಯವಿಲ್ಲ. ಸಿಮೆಂಟಿನ ಗಟ್ಟಿ ಪದರ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಹೊರಬರಲಾಗದ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಅದರಲ್ಲಿ ಕರಗಿದ ಲವಣಗಳು ಪದರದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತವೆ. ನಾನು ಹಾಕಿಸಿದ್ದ ಹಿತ್ತಲ ನೆಲವಂತೂ ಸೂರಿನ ನೀರನ್ನು ಗೋಡೆಯ ಬುಡಕ್ಕೇ ಎರಚುತ್ತಿತ್ತು. ಸಿಮೆಂಟು ಕೆಟ್ಟ ವಸ್ತುವೆಂದು ನಾನು ಹೇಳುತ್ತಿಲ್ಲ. ಮೃದುವಾದ ಮಣ್ಣಿಗೂ ಬಿರುಸಾದ ಸಿಮೆಂಟಿಗೂ ಒಗ್ಗುವುದಿಲ್ಲ, ಅಷ್ಟೆ.

ಮಣ್ಣಿಗೆ ಒಗ್ಗುವುದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಲೆಕ್ಕದ ಪ್ರಕಾರ 100 ಕಿಲೋ ಶುದ್ಧ ಸುಣ್ಣಕಲ್ಲಿನಿಂದ ದೊರೆಯುವುದು 56 ಕಿಲೋ ಸುಣ್ಣ. ಉಳಿದ 44 ಕಿಲೋ ಗಾಳಿಗೆ ಸೇರುತ್ತದೆ. ಅದಕ್ಕೆ ನೀರು ಸೇರಿದರೆ ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಅದು ಬಿಟ್ಟ ಅನಿಲವನ್ನೇ ಗಾಳಿಯಿಂದ ನಿಧಾನವಾಗಿ ಮರಳಿ ಪಡೆದು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಭಟ್ಟಿಯಲ್ಲಿ ಉರಿಸಿದ ಸೌದೆ ಅಥವಾ ಕಲ್ಲಿದ್ದಲಿನ ಹೊಗೆ ಮಾತ್ರ ಹೀಗೆ ಹಿಂದಿರುಗುವುದಿಲ್ಲವೆಂಬುದನ್ನು ಮರೆಯಬಾರದು. ಸಿಮೆಂಟಿಗಾದರೋ ಸುಮಾರು 1450 ಡಿಗ್ರಿ ಶಾಖ ಬೇಕು. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ.

ಬರಿಯ ಸುಣ್ಣಕ್ಕೆ ಒದ್ದೆಯಲ್ಲಿ ಗಟ್ಟಿಯಾಗುವ ಶಕ್ತಿ ಸಾಲದು. ಅದಕ್ಕೆ ಸುಟ್ಟ ಜೇಡಿಮಣ್ಣಿನ ಪುಡಿ, ಅಂದರೆ ಸುರ್ಕಿ, ಸೇರಬೇಕು. 1911ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಅಣೆಕಟ್ಟನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ ಎಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಓದಿದ್ದೆನಾದರೂ ಸುರ್ಕಿಯನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅಂಗಡಿಗಳಲ್ಲಿ ವಿಚಾರಿಸಿದರೆ ಹುಡುಗರು ನಕ್ಕರು. ಕೊನೆಗೆ ಪಕ್ಕದ ಊರಿನ ಒಬ್ಬ ಮುದುಕ ಮೇಸ್ತ್ರಿ ನಮ್ಮ ಮನೆಗೆ ಬಂದು, ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, “ಸುರ್ಕಿ ನಿಮ್ಮ ತಲೆ ಮೇಲೇ ಐತಲ್ಲ ಮೇಷ್ಟ್ರೇ” ಎಂದು ಮಾಡನ್ನು ತೋರಿಸಿದ.

ಮಾಡಿನಲ್ಲಿದ್ದುದು 240 ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಬಗೆಯ ಹಂಚು ನಮ್ಮ ನಾಡಿನಲ್ಲೆಲ್ಲ ಹರಡಿದೆ. ಒಂದೊಂದನ್ನೂ ಇಳಿಸಿ, ಪಾಚಿ ಉಜ್ಜಿ, ಬೆರಳಿನಿಂದ ತಟ್ಟಿ ನೋಡಿದೆವು. ಕಂಚಿನಂತೆ ದನಿಗೊಟ್ಟದ್ದು ಗಟ್ಟಿ. ಬೊದ್ದುದನಿ ಬಂದರೆ ಸೀಳು ಬಿಟ್ಟಿದೆಯೆಂದು ತಿಳಿಯಬೇಕು. ಹೀಗೆ 31 ಹಂಚು ತಿರಸ್ಕೃತವಾದವು. ಅವುಗಳ ಸ್ಥಾನಕ್ಕೆ ಕೆಡವಿದ ಕೊಟ್ಟಿಗೆಯ ಹಂಚು ಬಂದಿತು. ಒಡಕು ಹಂಚುಗಳನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿದಾಗ ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಗಾರೆ ಮಾಡಲು ಸಾಕಾಗುವಷ್ಟು ಸುರ್ಕಿ ದೊರೆಯಿತು. ಅದರಲ್ಲೂ ಕಪ್ಪಗೆ ಸೀದ ಚೂರುಗಳನ್ನು ಮೇಸ್ತ್ರಿ ಆರಿಸಿ ಬಿಸಾಡಿದ. ಅತಿಯಾಗಿ ಸುಟ್ಟ ಮಣ್ಣು ಸುಣ್ಣದೊಡನೆ ಚೆನ್ನಾಗಿ ಕೂಡಿಕೊಳ್ಳುವುದಿಲ್ಲ; ಪುಸ್ತಕ ನೋಡದೆ ಆತನಿಗೆ ಅದು ಗೊತ್ತಿತ್ತು.

ಗಾರೆಗಿಂತ ಮೊದಲು ಗೋಡೆ ಒಣಗಬೇಕು. ಮಾಘದಲ್ಲಿ ಸಿಮೆಂಟನ್ನೆಲ್ಲ ಕೆತ್ತಿ ತೆಗೆದೆವು. ಹಿತ್ತಲ ನೆಲವನ್ನು ಒಡೆದು, ಗೋಡೆಗುಂಟ ಎರಡು ಅಡಿ ಆಳದ ಕಾಲುವೆ ತೋಡಿ, ಕಿತ್ತ ಸಿಮೆಂಟಿನ ಹೆಂಟೆಗಳನ್ನೇ ಜಲ್ಲಿಯ ಬದಲು ತುಂಬಿ ನೀರು ಇಳಿಜಾರಿಗೆ ಹರಿಯುವಂತೆ ಮಾಡಿದೆವು. ಹತ್ತು ವರ್ಷ ಗೋಡೆಯನ್ನು ಕಾಡಿದ ಸಿಮೆಂಟು ಹೀಗೆ ಅದರ ಕಾವಲಿಗೆ ನಿಂತಿತು. ಆಮೇಲೆ ಮೂರು ತಿಂಗಳು ಏನೂ ಮಾಡುವಂತಿಲ್ಲವೆಂದು ಮೇಸ್ತ್ರಿ ಹೊರಟುಹೋದ. ತಾಯಿಯವರು ನಡುಮನೆಯಲ್ಲಿ ಮಲಗುತ್ತಿದ್ದರು. ನನಗೆ ತಾಳ್ಮೆ ಸಾಲದೆ ಚೈತ್ರದಲ್ಲಿ ಒಂದು ಮೂಲೆಗೆ ನಾನೇ ಗಾರೆ ಮೆತ್ತಿದೆ. ನಾಲ್ಕೇ ದಿನಕ್ಕೆ ಅದು ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ಮೇಸ್ತ್ರಿ ಬಂದವನು ಅದನ್ನು ನೋಡಿ ಏನೂ ಹೇಳಲಿಲ್ಲ. ಕರಣೆಯಿಂದ ಎಬ್ಬಿಸಿ ಬುಟ್ಟಿಗೆ ಹಾಕಿದ.

ಸುಣ್ಣವನ್ನು ಅರಳಿಸುವುದು ಹುಡುಗಾಟದ ಕೆಲಸವಲ್ಲ. ಸುಟ್ಟ ಸುಣ್ಣಕ್ಕೆ ನೀರು ತಗುಲಿದೊಡನೆ ಕೊತಕೊತನೆ ಕುದಿಯುತ್ತದೆ. ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಹಾಗೆ ಅರಳಿದ್ದನ್ನು ಒಂದು ತಿಂಗಳು ನೀರಿನಡಿಯಲ್ಲಿ ಬಿಟ್ಟಾಗ ಬೆಣ್ಣೆಯಂತಾಯಿತು. ಒಂದು ಪಾಲು ಈ ಸುಣ್ಣ, ಒಂದು ಪಾಲು ಸುರ್ಕಿ, ಒಂದೂವರೆ ಪಾಲು ತೊಳೆದ ಮರಳು; ಕಲಸುವುದಕ್ಕೆ ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಹಾಕಿದ ನೀರು. ಕೆಳಗೆ ಹುಲ್ಲು ಬೆರೆತ ಮಣ್ಣಿನ ಪದರ, ಅದರ ಮೇಲೆ ತೆಳ್ಳಗೆ ಈ ಗಾರೆ. ಬೇಗ ಒಣಗದಂತೆ ಹತ್ತು ದಿನ ಒದ್ದೆಗೋಣಿ ಇಳಿಬಿಟ್ಟೆವು. ನಾಲ್ಕು ಅಡಿಯ ಮೇಲೆ ಮಣ್ಣಿನ ಗಿಲಾವಿಗೇ ಮೂರು ಕೈ ಸುಣ್ಣ ಬಳಿದು ಮುಗಿಸಿದೆವು.

ಮರದ ವಿಚಾರ. ಪೇಟೆಯ ಹಳೆಯ ಮರಮುಟ್ಟಿನ ಅಂಗಡಿಯಲ್ಲಿ ಒಂದು ತೇಗದ ಕಿಟಕಿ, ಎರಡು ಗಾಜಿನ ಹಂಚು ಸಿಕ್ಕವು. ಹಳೆಯ ಮರವನ್ನು ಕೊಳ್ಳುವವರು ದಬ್ಬಳದಿಂದ ಚುಚ್ಚಿ ನೋಡಬೇಕು; ಗೆದ್ದಲು ತಿಂದ ಮರ ಹೊರಗೆ ಗಟ್ಟಿಯಾಗಿದ್ದು ಒಳಗೆ ಪೊಳ್ಳಾಗಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಹಳೆಯ ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಸೀಸದ ಧೂಳು ಮಕ್ಕಳ ಹೊಟ್ಟೆಗೆ ಸೇರಬಹುದು. ಆದುದರಿಂದ ನೀರು ಹಚ್ಚಿ ಕೆರೆದು, ಉದುರಿದ್ದನ್ನು ಕಾಗದದಲ್ಲಿ ಕಟ್ಟಿ ಬೇರೆ ಇಟ್ಟು, ಕಿಟಕಿಗೆ ಅಗಸೆ ಎಣ್ಣೆ ಬಳಿದೆವು. ಗೋಡೆಯ ಹಲಗೆಗಳನ್ನು ಯಂತ್ರ ಬಂದಿದ್ದ ಪೆಟ್ಟಿಗೆಯ ಮರದಿಂದ ಮಾಡಿಸಿದೆ. ಪರದೇಶದಿಂದ ಬರುವ ಇಂಥ ಪೆಟ್ಟಿಗೆಗಳ ಮೇಲೆ ಮುದ್ರೆಯಿರುತ್ತದೆ: ‘ಎಚ್.ಟಿ.’ ಎಂದಿದ್ದರೆ ಮರವನ್ನು ಬಿಸಿಮಾಡಿ ಹುಳು ಕೊಂದಿದ್ದಾರೆ, ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದಾರೆ. ಎರಡನೆಯದನ್ನು ಮನೆಯೊಳಕ್ಕೆ ತರಬಾರದು. ಪುಕ್ಕಟೆ ಸಿಕ್ಕಿದ ಒಂದು ಆಸ್ಬೆಸ್ಟಾಸ್ ತಗಡನ್ನೂ ನಾನು ಬೇಡವೆಂದೆ. ಕೊಯ್ದರೆ ಅದರ ಎಳೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಇದೆಲ್ಲವೂ ಹೊಸ ಶೋಧವೇನಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917–2007) ಅವರು ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನೂ, ಮಣ್ಣು ಸುಣ್ಣಗಳನ್ನೂ ಬಳಸಿ ಅನೇಕ ಕಟ್ಟಡಗಳನ್ನು ಕಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ‘ಅಸ್ತ್ರ’ ಕೇಂದ್ರವು ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿತು. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ ಕಾಣೆ.

ಖರ್ಚಿನ ಮಾತನ್ನೂ ಮುಚ್ಚಿಡದೆ ಹೇಳಬೇಕು. ಹಳೆಯ ಸಾಮಗ್ರಿಯೆಂದರೆ ಪುಕ್ಕಟೆ ಕೆಲಸವೆಂದು ತಿಳಿಯುವುದು ತಪ್ಪು. ಕೆಡವಿ ಕಟ್ಟುವುದಕ್ಕೆ ಗುತ್ತಿಗೆಯವರು ಹೇಳಿದ ಮೊತ್ತಕ್ಕಿಂತ ಬಹಳ ಕಡಿಮೆಯಾಯಿತೆಂಬುದು ನಿಜ. ಆದರೆ ಆದ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಕೂಲಿಗೇ ಹೋಯಿತು. ಹಂಚು ತಟ್ಟುವುದು, ಮೊಳೆ ಕೀಳುವುದು, ಸುರ್ಕಿ ಕುಟ್ಟುವುದು ಎಲ್ಲವೂ ಮನುಷ್ಯರ ಕೈಯಿಂದ ಆಗಬೇಕಾದವು. ಆ ಹಣ ಊರಲ್ಲಿಯೇ ಉಳಿಯಿತೆಂಬುದು ನನಗೆ ಸಮಾಧಾನ. ಸಮಾಧಾನವಿಲ್ಲದ ಸಂಗತಿಯೆಂದರೆ, ಆ ಮೇಸ್ತ್ರಿಯ ಇಬ್ಬರು ಮಕ್ಕಳೂ ಗಾರೆ ಕೆಲಸ ಕಲಿತಿಲ್ಲ. ಕೋಣೆಯ ಕೆಲಸ ನಡೆಯುವಾಗ ಸುಣ್ಣ ಕಲಸಿದ ನಮ್ಮೂರ ಹುಡುಗನೊಬ್ಬ ಮಾತ್ರ ಈಗ ಅವನ ಹಿಂದೆ ಹೋಗುತ್ತಿದ್ದಾನೆ.

ತಾಯಿಯವರು ಜ್ಯೇಷ್ಠದಲ್ಲಿ ಕೋಣೆಗೆ ಮರಳಿದರು. ಆ ವರ್ಷದ ಮಳೆ ಜೋರಾಗಿಯೇ ಬಂದಿತು. ಪಡುವಣ ಗೋಡೆಯ ಬುಡದಲ್ಲಿ ಗೇಣುದ್ದ ತೇವ ಕಾಣಿಸಿ ದೀಪಾವಳಿಯ ಹೊತ್ತಿಗೆ ಒಣಗಿತು. ಕೆಮ್ಮು ಪೂರ್ತಿ ಹೋಯಿತೆಂದು ಹೇಳಲಾರೆ; ಅವರಿಗೆ ವಯಸ್ಸೂ ಆಗಿದೆ. ಆದರೆ ಪೆಟ್ಟಿಗೆಯ ಸೀರೆಗಳಿಗೆ ಬೂಷ್ಟು ಹಿಡಿಯಲಿಲ್ಲ. ನಾನು ಚೈತ್ರದಲ್ಲಿ ಆತುರಪಟ್ಟ ಆ ಮೂಲೆಯಲ್ಲಿ ಮಾತ್ರ ಈಗಲೂ ಸ್ವಲ್ಪ ಸುಣ್ಣ ಉದುರುತ್ತದೆ. ಯುಗಾದಿಗೆ ಮೊದಲು ಬಂದು ಮತ್ತೊಂದು ಕೈ ಬಳಿದುಕೊಡುವುದಾಗಿ ಆ ಹುಡುಗ ಹೇಳಿದ್ದಾನೆ.